ಪ್ಯಾಟ್ರಿಕ್ ಬ್ಲ್ಯಾಕೆಟ್

ಪ್ಯಾಟ್ರಿಕ್ ಮೇನಾರ್ಡ್ ಸ್ಟುವರ್ಟ್ ಬ್ಲ್ಯಾಕೆಟ್ (18 ನವೆಂಬರ್ 1897 – 13 ಜುಲೈ 1974) ಇಂಗ್ಲೆಂಡಿನ ಪ್ರಾಯೋಗಿಕ ಭೌತವಿಜ್ಞಾನಿ. ಪರಮಾಣು ಬೀಜ ಮತ್ತು ವಿಶ್ವಕಿರಣಗಳ ಅಧ್ಯಯನಕ್ಕಾಗಿ 1948ರಲ್ಲಿ ಅವರಿಗೆ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿ ದೊರೆಯಿತು. ಆ ಬಳಿಕ ಅವರು ಶಿಲೆಗಳ ಕಾಂತತ್ವದ ಕಡೆಗೆ ತಿರುಗಿದರು. ಕಲ್ಲಿನೊಳಗಿನ ಸೂಕ್ಷ್ಮ ಕಬ್ಬಿಣದ ಖನಿಜಕಣಗಳು ತಾವು ಹುಟ್ಟಿದ ಕಾಲದ ಭೂಕಾಂತ ಕ್ಷೇತ್ರದ ದಿಕ್ಕನ್ನು ಕೋಟ್ಯಂತರ ವರ್ಷ ಉಳಿಸಿಕೊಳ್ಳುತ್ತವೆ. ಈ ದಿಕ್ಕನ್ನು ಅಳೆಯಬಲ್ಲ ಅತಿಸೂಕ್ಷ್ಮ ಕಾಂತಮಾಪಕವನ್ನು ಬ್ಲ್ಯಾಕೆಟ್ ರೂಪಿಸಿದರು. ದಖ್ಖನ್ ಪ್ರಸ್ಥಭೂಮಿಯ ಕಪ್ಪುಶಿಲೆಗಳನ್ನು ಇಂಥ ಉಪಕರಣದಿಂದ ಅಳೆದಾಗ, ಭಾರತವು ಒಂದು ಕಾಲದಲ್ಲಿ ಸಮಭಾಜಕ ವೃತ್ತದ ದಕ್ಷಿಣಕ್ಕಿದ್ದು ಅಲ್ಲಿಂದ ಉತ್ತರಕ್ಕೆ ಸರಿದು ಬಂದಿತೆಂಬುದಕ್ಕೆ ಪುರಾವೆ ದೊರೆಯಿತು. ಸ್ವತಂತ್ರ ಭಾರತದ ಮೊದಲ ದಶಕಗಳಲ್ಲಿ ಅವರು ಜವಾಹರಲಾಲ್ ನೆಹರೂ ಅವರಿಗೆ ವಿಜ್ಞಾನ ಮತ್ತು ರಕ್ಷಣೆಯ ವಿಷಯಗಳಲ್ಲಿ ಸಲಹೆಗಾರರೂ ಆಗಿದ್ದರು.

ಜನನ, ಬಾಲ್ಯ ಮತ್ತು ನೌಕಾಪಡೆ

ಬ್ಲ್ಯಾಕೆಟ್ ಲಂಡನ್ನಿನ ಕೆನ್ಸಿಂಗ್ಟನ್‌ನಲ್ಲಿ ಜನಿಸಿದರು. ತಂದೆ ಆರ್ಥರ್ ಸ್ಟುವರ್ಟ್ ಬ್ಲ್ಯಾಕೆಟ್ ಷೇರು ದಲ್ಲಾಳಿಯಾಗಿದ್ದರು. ತಾಯಿ ಕ್ಯಾರೊಲಿನ್ ಮೇನಾರ್ಡ್. ತಾಯಿಯ ತಂದೆ 1857ರ ದಂಗೆಯ ಕಾಲದಲ್ಲಿ ಬ್ರಿಟಿಷ್ ಫಿರಂಗಿ ದಳದಲ್ಲಿ ಅಧಿಕಾರಿಯಾಗಿದ್ದವರು. ಬಾಲಕ ಪ್ಯಾಟ್ರಿಕ್‌ಗೆ ರೇಡಿಯೊ ಮತ್ತು ಆಟಿಕೆ ವಿಮಾನಗಳನ್ನು ತಾನೇ ಕಟ್ಟುವ ಹವ್ಯಾಸವಿತ್ತು.

1910ರಲ್ಲಿ ಅವರು ಆಸ್‌ಬೋರ್ನ್‌ನ ನೌಕಾಶಾಲೆಗೆ ಸೇರಿ, ಅನಂತರ ಡಾರ್ಟ್‌ಮತ್‌ನಲ್ಲಿ ಶಿಕ್ಷಣ ಮುಂದುವರಿಸಿದರು. 1914ರಲ್ಲಿ ಮೊದಲ ಮಹಾಯುದ್ಧ ಆರಂಭವಾದಾಗ ಹದಿನಾರು ವರ್ಷದ ಈ ಹುಡುಗನನ್ನು ನೇರವಾಗಿ ಯುದ್ಧನೌಕೆಗೆ ಕಳುಹಿಸಲಾಯಿತು. 1914ರ ಡಿಸೆಂಬರ್‌ನಲ್ಲಿ ಫಾಕ್‌ಲ್ಯಾಂಡ್ ದ್ವೀಪಗಳ ಬಳಿಯ ಕದನದಲ್ಲಿಯೂ 1916ರಲ್ಲಿ ಜಟ್‌ಲ್ಯಾಂಡ್ ಕದನದಲ್ಲಿಯೂ ಅವರು ಭಾಗವಹಿಸಿದರು. ಯುದ್ಧ ಮುಗಿದ ಮೇಲೆ, 1919ರ ಜನವರಿಯಲ್ಲಿ, ಅರ್ಧಕ್ಕೆ ನಿಂತ ಶಿಕ್ಷಣವನ್ನು ಪೂರೈಸಲೆಂದು ನೌಕಾಪಡೆ ಯುವ ಅಧಿಕಾರಿಗಳನ್ನು ಕೇಂಬ್ರಿಜ್‌ಗೆ ಕಳುಹಿಸಿತು. ಅಲ್ಲಿನ ಕ್ಯಾವೆಂಡಿಷ್ ಪ್ರಯೋಗಾಲಯವನ್ನು ಕಂಡ ಬ್ಲ್ಯಾಕೆಟ್ ಅದೇ ವರ್ಷ ನೌಕಾಪಡೆಗೆ ರಾಜೀನಾಮೆ ಕೊಟ್ಟು ಮ್ಯಾಗ್ಡಲೀನ್ ಕಾಲೇಜಿನ ವಿದ್ಯಾರ್ಥಿಯಾದರು. ಉಪಕರಣಗಳನ್ನು ಸ್ವಂತ ಕೈಯಿಂದ ರೂಪಿಸುವ ಅಭ್ಯಾಸ ಮಾತ್ರ ಜೀವನಪೂರ್ತಿ ಅವರೊಂದಿಗೆ ಉಳಿಯಿತು.

ಪರಮಾಣು ಬೀಜ ಮತ್ತು ವಿಶ್ವಕಿರಣಗಳು

1921ರಲ್ಲಿ ಪದವಿ ಪಡೆದ ಬ್ಲ್ಯಾಕೆಟ್ ಅರ್ನೆಸ್ಟ್ ರುದರ್‌ಫರ್ಡ್ ಅವರ ಮಾರ್ಗದರ್ಶನದಲ್ಲಿ ಸಂಶೋಧನೆ ಆರಂಭಿಸಿದರು. ತೇವಭರಿತ ಗಾಳಿಯಲ್ಲಿ ಕಣಗಳು ಸಾಗಿದ ದಾರಿಯನ್ನು ಸಣ್ಣ ಹನಿಗಳ ಸಾಲಾಗಿ ತೋರಿಸುವ ವಿಲ್ಸನ್ ಮೇಘಕೋಷ್ಠವು ಅವರ ಮುಖ್ಯ ಸಾಧನವಾಗಿತ್ತು. ಅವರು ತೆಗೆದ ಸುಮಾರು 23,000 ಛಾಯಾಚಿತ್ರಗಳಲ್ಲಿ ನಾಲ್ಕು ಲಕ್ಷಕ್ಕೂ ಮೀರಿದ ಕಣಪಥಗಳಿದ್ದವು. ಅವುಗಳಲ್ಲಿ ಎಂಟು ಪಥಗಳು ಮಾತ್ರ ವಿಶಿಷ್ಟವಾಗಿ ಕವಲೊಡೆದಿದ್ದವು. ಆಲ್ಫಾ ಕಣವು ನೈಟ್ರೊಜನ್ ಬೀಜಕ್ಕೆ ಬಡಿದಾಗ ಅದು ಆಕ್ಸಿಜನ್ ಬೀಜವಾಗಿ ಮಾರ್ಪಡುತ್ತದೆ ಎಂಬುದನ್ನು ಈ ಎಂಟು ಪಥಗಳಿಂದ ಅವರು 1925ರಲ್ಲಿ ತೋರಿಸಿಕೊಟ್ಟರು.

1932ರಲ್ಲಿ ಇಟಲಿಯ ಗೈಸೆಪ್ಪೆ ಒಕಿಯಾಲಿನಿ ಅವರ ಜೊತೆಗೂಡಿ, ವಿಶ್ವಕಿರಣ ಹಾದುಹೋದ ಕ್ಷಣದಲ್ಲಿಯೇ ತಾನಾಗಿ ಚಿತ್ರ ತೆಗೆಯುವಂಥ ಮೇಘಕೋಷ್ಠವನ್ನು ರೂಪಿಸಿದರು. ಅಮೆರಿಕದ ಕಾರ್ಲ್ ಆಂಡರ್ಸನ್ ಕಂಡುಹಿಡಿದಿದ್ದ ಪಾಸಿಟ್ರಾನ್ ಕಣದ ಇರುವಿಕೆಯನ್ನು ಇವರಿಬ್ಬರು 1933ರಲ್ಲಿ ದೃಢಪಡಿಸಿದರು. ಅದೇ ವರ್ಷ ಬ್ಲ್ಯಾಕೆಟ್ ರಾಯಲ್ ಸೊಸೈಟಿಯ ಸದಸ್ಯರಾಗಿ ಆಯ್ಕೆಗೊಂಡು, ಲಂಡನ್ನಿನ ಬರ್ಕ್‌ಬೆಕ್ ಕಾಲೇಜಿನ ಪ್ರಾಧ್ಯಾಪಕರಾದರು. 1937ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯಕ್ಕೆ ತೆರಳಿದರು. ಭಾರತದ ಹೋಮಿ ಭಾಭಾ ಅವರೂ ಅದೇ ವರ್ಷಗಳಲ್ಲಿ ವಿಶ್ವಕಿರಣಗಳ ಸಿದ್ಧಾಂತದ ಮೇಲೆ ಕೆಲಸ ಮಾಡುತ್ತಿದ್ದರು.

ಯುದ್ಧಕಾಲ ಮತ್ತು ಭಿನ್ನಮತ

ಎರಡನೆಯ ಮಹಾಯುದ್ಧದಲ್ಲಿ ಬ್ಲ್ಯಾಕೆಟ್ ಸೇನಾ ಕಾರ್ಯಾಚರಣೆಗಳನ್ನು ಅಂಕಿಅಂಶಗಳ ಮೂಲಕ ವಿಶ್ಲೇಷಿಸುವ ಹೊಸ ಶಾಸ್ತ್ರಕ್ಕೆ ಬುನಾದಿ ಹಾಕಿದರು. ಇದು ಈಗ ಕಾರ್ಯಾಚರಣಾ ಸಂಶೋಧನೆ ಎಂದು ಕರೆಸಿಕೊಳ್ಳುತ್ತದೆ. ಒಂದು ವೈರಿ ವಿಮಾನವನ್ನು ಉರುಳಿಸಲು ಬೇಕಾಗುತ್ತಿದ್ದ ಗುಂಡುಗಳ ಸಂಖ್ಯೆ ಇಂಥ ವಿಶ್ಲೇಷಣೆಯಿಂದ ಸುಮಾರು 20,000ದಿಂದ 4,000ಕ್ಕೆ ಇಳಿಯಿತು. ಸರಕುಹಡಗುಗಳು ಚಿಕ್ಕ ಗುಂಪುಗಳಿಗಿಂತ ದೊಡ್ಡ ಗುಂಪುಗಳಲ್ಲಿ ಸಾಗಿದರೆ ನಷ್ಟ ಕಡಿಮೆ ಎಂಬುದನ್ನೂ ಅವರ ತಂಡ ಲೆಕ್ಕ ಹಾಕಿ ತೋರಿಸಿತು.

ಜರ್ಮನಿಯ ನಗರಗಳ ಜನವಸತಿಗಳ ಮೇಲೆ ಬಾಂಬು ಸುರಿಸುವ ನೀತಿಯನ್ನು ಅವರು ವಿರೋಧಿಸಿದರು. ಬ್ರಿಟನ್ ಒಂಟಿಯಾಗಿ ಪರಮಾಣು ಬಾಂಬು ತಯಾರಿಸಬಹುದೆಂಬ ಅಭಿಪ್ರಾಯಕ್ಕೂ ಅವರು ಒಪ್ಪಲಿಲ್ಲ. 1948ರಲ್ಲಿ ಪರಮಾಣು ಶಕ್ತಿಯ ಸೈನಿಕ ಮತ್ತು ರಾಜಕೀಯ ಪರಿಣಾಮಗಳನ್ನು ಕುರಿತು ಅವರು ಪ್ರಕಟಿಸಿದ ಪುಸ್ತಕವು ಬ್ರಿಟನ್ ಮತ್ತು ಅಮೆರಿಕಗಳಲ್ಲಿ ತೀವ್ರ ಟೀಕೆಗೆ ಗುರಿಯಾಯಿತು. ಸರ್ಕಾರದ ರಕ್ಷಣಾ ಸಲಹಾ ವಲಯಗಳಿಂದ ಅವರು ಅನೇಕ ವರ್ಷ ದೂರ ಉಳಿಯಬೇಕಾಯಿತು. ಶಿಲೆಗಳ ಕಾಂತತ್ವದ ಅಧ್ಯಯನ ನಡೆದದ್ದು ಈ ಅವಧಿಯಲ್ಲಿ.

ಚಿನ್ನದ ಉರುಳೆ ಮತ್ತು ಸೋತ ಸಿದ್ಧಾಂತ

ಭೂಮಿಗೆ ಕಾಂತಕ್ಷೇತ್ರ ಎಲ್ಲಿಂದ ಬಂತು ಎಂಬ ಪ್ರಶ್ನೆಗೆ 1940ರ ದಶಕದಲ್ಲಿ ಎಲ್ಲರೂ ಒಪ್ಪುವ ಉತ್ತರವಿರಲಿಲ್ಲ. ಭೂಮಿ, ಸೂರ್ಯ ಮತ್ತು ಒಂದು ನಕ್ಷತ್ರದ ಅಂದಿನ ಅಳತೆಗಳನ್ನು ಹೋಲಿಸಿದ ಬ್ಲ್ಯಾಕೆಟ್, ತಿರುಗುವ ಯಾವುದೇ ಬೃಹತ್ ಕಾಯವು ತಿರುಗುವಿಕೆಯ ಕಾರಣದಿಂದಲೇ ಕಾಂತತ್ವ ಪಡೆಯುತ್ತದೆ ಎಂಬ ಸಿದ್ಧಾಂತವನ್ನು 1947ರಲ್ಲಿ ಮಂಡಿಸಿದರು. ಇದು ನಿಜವಾದರೆ ಭೌತವಿಜ್ಞಾನಕ್ಕೆ ಹೊಸ ಮೂಲನಿಯಮವೊಂದು ಸೇರುತ್ತಿತ್ತು.

ಸಿದ್ಧಾಂತವನ್ನು ಎರಡು ರೀತಿಯಲ್ಲಿ ಪರೀಕ್ಷಿಸಲಾಯಿತು. ಮೊದಲನೆಯದು ಭೂಮಿಯ ಆಳದಲ್ಲಿ ನಡೆಯಿತು. ಬ್ಲ್ಯಾಕೆಟ್ ಅವರ ಸಿದ್ಧಾಂತದಂತೆ ಆಳಕ್ಕೆ ಇಳಿದಂತೆ ಕಾಂತಕ್ಷೇತ್ರದ ಸಮತಲ ಭಾಗ ಕಡಿಮೆಯಾಗಬೇಕಿತ್ತು. ಕೀತ್ ರನ್‌ಕಾರ್ನ್ ಮತ್ತು ಸಂಗಡಿಗರು ಇಂಗ್ಲೆಂಡಿನ ಕಲ್ಲಿದ್ದಲ ಗಣಿಗಳಲ್ಲಿ ಇಳಿದು ಅಳೆದಾಗ ಅದು ಹೆಚ್ಚಿತು.

ಎರಡನೆಯ ಪರೀಕ್ಷೆಯನ್ನು ಬ್ಲ್ಯಾಕೆಟ್ ಸ್ವತಃ ನಡೆಸಿದರು. ಬ್ಯಾಂಕ್ ಆಫ್ ಇಂಗ್ಲೆಂಡಿನಿಂದ ಎರವಲು ಪಡೆದ ಚಿನ್ನದಿಂದ 10 ಸೆಂ.ಮೀ. ಅಗಲ, 10 ಸೆಂ.ಮೀ. ಎತ್ತರ, 15.2 ಕಿಲೋಗ್ರಾಂ ತೂಕದ ಉರುಳೆಯೊಂದನ್ನು ಮಾಡಿಸಿದರು. ಚಿನ್ನಕ್ಕೆ ಸಾಂದ್ರತೆ ಹೆಚ್ಚು, ಸ್ವಂತ ಕಾಂತತ್ವ ಇಲ್ಲ. ಭೂಮಿಯೊಂದಿಗೆ ತಾನೂ ತಿರುಗುತ್ತಿರುವ ಈ ಉರುಳೆಗೆ, ಸಿದ್ಧಾಂತದ ಪ್ರಕಾರ, ಭೂಕ್ಷೇತ್ರಕ್ಕಿಂತ ಕೋಟ್ಯಂತರ ಪಾಲು ಚಿಕ್ಕದಾದ ಕಾಂತಕ್ಷೇತ್ರವೊಂದು ಇರಬೇಕಾಗಿತ್ತು. ಅದನ್ನು ಗುರುತಿಸಲು ಅವರು ಅಸ್ಥಿರ ಕಾಂತಮಾಪಕ ಎಂಬ ಉಪಕರಣವನ್ನು ಹಿಂದೆಂದೂ ಇಲ್ಲದ ಸೂಕ್ಷ್ಮತೆಗೆ ತಂದರು. ಒಂದಕ್ಕೊಂದು ವಿರುದ್ಧವಾಗಿ ಜೋಡಿಸಿದ ಪುಟ್ಟ ಅಯಸ್ಕಾಂತಗಳನ್ನು ಸಣ್ಣ ಎಳೆಯಲ್ಲಿ ತೂಗಿಬಿಡುವುದು ಇದರ ತತ್ತ್ವ. ಹೀಗೆ ಜೋಡಿಸಿದಾಗ ಭೂಮಿಯ ಕ್ಷೇತ್ರದ ಪ್ರಭಾವ ರದ್ದಾಗಿ, ಪಕ್ಕದಲ್ಲಿಟ್ಟ ವಸ್ತುವಿನ ಪ್ರಭಾವ ಮಾತ್ರ ಉಳಿಯುತ್ತದೆ. ಜೋಡ್ರೆಲ್ ಬ್ಯಾಂಕ್‌ನ ಹೊಲದ ನಡುವೆ, ಕಬ್ಬಿಣ ಬಳಸದೆ ಕಟ್ಟಿದ ಮರದ ಗುಡಿಸಿಲಿನಲ್ಲಿ ಈ ಪ್ರಯೋಗ ನಡೆಯಿತು.

ಚಿನ್ನದ ಉರುಳೆಯಿಂದ ನಿರೀಕ್ಷಿತ ಕ್ಷೇತ್ರ ಬರಲಿಲ್ಲ. 1952ರಲ್ಲಿ ಬ್ಲ್ಯಾಕೆಟ್ ಇದನ್ನು ದೀರ್ಘ ಪ್ರಬಂಧವಾಗಿ ಪ್ರಕಟಿಸಿದರು. ಇದು ಋಣಾತ್ಮಕ ಪ್ರಯೋಗವೆಂದು ಶೀರ್ಷಿಕೆಯಲ್ಲಿಯೇ ಹೇಳಿ, ತಮ್ಮ ಸಿದ್ಧಾಂತವನ್ನು ಕೈಬಿಟ್ಟರು. ಉಪಕರಣದ ರಚನೆಯನ್ನು ಇತರರೂ ಕಟ್ಟಿಕೊಳ್ಳಬಹುದಾದಷ್ಟು ವಿವರವಾಗಿ ಅದರಲ್ಲಿ ವಿವರಿಸಿದ್ದರು. ಸೋತ ಪ್ರಯೋಗದ ಈ ಉಪಕರಣವೇ ಮುಂದಿನ ಹತ್ತು ವರ್ಷಗಳಲ್ಲಿ ಭೂವಿಜ್ಞಾನದ ದಿಕ್ಕನ್ನು ಬದಲಿಸಲು ನೆರವಾಯಿತು.

ಶಿಲೆಯ ಕಾಂತಸ್ಮೃತಿ

ಬಹುತೇಕ ಶಿಲೆಗಳಲ್ಲಿ ಮ್ಯಾಗ್ನಟೈಟ್, ಹೆಮಟೈಟ್ ಮೊದಲಾದ ಕಬ್ಬಿಣದ ಆಕ್ಸೈಡ್ ಕಣಗಳು ಅಲ್ಪ ಪ್ರಮಾಣದಲ್ಲಿರುತ್ತವೆ. ಕುದುರೆಮುಖದಲ್ಲಿ ಅದಿರಾಗಿ ತೆಗೆಯುತ್ತಿದ್ದ ಮ್ಯಾಗ್ನಟೈಟ್ ಕಪ್ಪುಶಿಲೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿ ಹರಡಿಕೊಂಡಿರುತ್ತದೆ. ಲಾವಾ ಬಿಸಿಯಾಗಿರುವಾಗ ಈ ಕಣಗಳಿಗೆ ಸ್ಥಿರ ಕಾಂತತ್ವವಿರುವುದಿಲ್ಲ. ಮ್ಯಾಗ್ನಟೈಟ್ ಸುಮಾರು 580 ಡಿಗ್ರಿ ಸೆಲ್ಸಿಯಸ್‌ಗಿಂತಲೂ ಹೆಮಟೈಟ್ ಸುಮಾರು 675 ಡಿಗ್ರಿಗಿಂತಲೂ ಕೆಳಗೆ ತಣಿದಾಗ ಕಾಂತತ್ವ ಪಡೆಯುತ್ತವೆ. ಈ ತಾಪಮಾನಕ್ಕೆ ಕ್ಯೂರಿ ಬಿಂದು ಎಂದು ಹೆಸರು. ಇನ್ನಷ್ಟು ತಣಿದಂತೆ, ಆ ಕ್ಷಣದ ಭೂಕಾಂತ ಕ್ಷೇತ್ರದ ದಿಕ್ಕಿನ ಕಡೆಗೆ ವಾಲಿದ ಕಾಂತತ್ವ ಕಣಗಳಲ್ಲಿ ಬಿಗಿಯಾಗಿ ನೆಲೆಸುತ್ತದೆ. ಲಾವಾದಲ್ಲಿ ಕಣ ತಿರುಗುವುದಿಲ್ಲ, ಅದರೊಳಗಿನ ಕಾಂತತ್ವದ ದಿಕ್ಕು ಮಾತ್ರ ನಿರ್ಧಾರವಾಗುತ್ತದೆ. ನೀರಿನಲ್ಲಿ ಸಂಗ್ರಹವಾಗುವ ಕೆಸರಿನಲ್ಲಿ ಮಾತ್ರ, ಆಗಲೇ ಕಾಂತತ್ವವಿರುವ ಕಣಗಳು ಕೆಳಗಿಳಿಯುವಾಗ ದಿಕ್ಸೂಚಿಯ ಮುಳ್ಳಿನಂತೆ ತಿರುಗಿ ಕೂರುತ್ತವೆ.

ಮೈಕ್ರೋಮೀಟರಿನ ಹತ್ತನೆಯ ಒಂದು ಭಾಗದಷ್ಟು ಸಣ್ಣ ಮ್ಯಾಗ್ನಟೈಟ್ ಕಣಗಳು ಈ ಸ್ಮೃತಿಯನ್ನು ಅತ್ಯಂತ ಗಟ್ಟಿಯಾಗಿ ಹಿಡಿದಿಡುತ್ತವೆ. ಅಂಥ ಕಣವೊಂದರಲ್ಲಿ ಕಾಂತತ್ವ ಒಂದೇ ದಿಕ್ಕಿಗಿರುತ್ತದೆ. ದೊಡ್ಡ ಕಣದಲ್ಲಿ ಬೇರೆ ಬೇರೆ ದಿಕ್ಕಿನ ವಿಭಾಗಗಳು ಏರ್ಪಡುವುದರಿಂದ ಅದರ ಸ್ಮೃತಿ ಸುಲಭವಾಗಿ ಅಳಿಯುತ್ತದೆ. ತೀರ ಚಿಕ್ಕ ಕಣವು ಕೊಠಡಿಯ ಶಾಖಕ್ಕೂ ದಿಕ್ಕು ಬದಲಿಸುತ್ತದೆ. ಶಿಲೆ ಮತ್ತೆ ಬಿಸಿಯಾದರೆ ಅಥವಾ ಅದರಲ್ಲಿ ಹೊಸ ಖನಿಜ ಬೆಳೆದರೆ ಹಳೆಯ ದಿಕ್ಕಿನ ಮೇಲೆ ಹೊಸ ದಿಕ್ಕು ಬರೆಯಲ್ಪಡುತ್ತದೆ. ಆದುದರಿಂದ ಸಂಶೋಧಕರು ಮಾದರಿಯನ್ನು ಹಂತಹಂತವಾಗಿ ಬಿಸಿ ಮಾಡಿ ತಣಿಸಿ, ಇತ್ತೀಚಿನ ದುರ್ಬಲ ಕಾಂತತ್ವವನ್ನು ತೊಳೆದು, ಉಳಿದ ಹಳೆಯ ದಿಕ್ಕನ್ನು ಅಳೆಯುತ್ತಾರೆ.

ಈ ದಿಕ್ಕಿನಿಂದ ಅಕ್ಷಾಂಶ ತಿಳಿಯುತ್ತದೆ. ಸ್ವತಂತ್ರವಾಗಿ ತೂಗಿದ ಕಾಂತದ ಮುಳ್ಳು ಸಮಭಾಜಕ ವೃತ್ತದಲ್ಲಿ ನೆಲಕ್ಕೆ ಸಮಾಂತರವಾಗಿರುತ್ತದೆ, ಧ್ರುವದಲ್ಲಿ ನೆಟ್ಟಗೆ ನಿಲ್ಲುತ್ತದೆ. ನಡುವಿನ ಪ್ರದೇಶಗಳಲ್ಲಿ ಅದು ವಾಲುವ ಕೋನಕ್ಕೆ ನತಿ ಎಂದು ಹೆಸರು. ಸಾವಿರಾರು ವರ್ಷಗಳ ಸರಾಸರಿಯಲ್ಲಿ ನತಿಯ ಸ್ಪರ್ಶಕ ಬೆಲೆಯು ಅಕ್ಷಾಂಶದ ಸ್ಪರ್ಶಕ ಬೆಲೆಯ ಎರಡರಷ್ಟಿರುತ್ತದೆ. ಉದಾಹರಣೆಗೆ ಉತ್ತರ ಕನ್ನಡ ಜಿಲ್ಲೆಯ ಸಿದ್ದಾಪುರ, ಶಿರಸಿ ಮತ್ತು ಯಲ್ಲಾಪುರಗಳು ಸುಮಾರು 14.3ರಿಂದ 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಇಲ್ಲಿ ಈಗ ಹೊಸ ಲಾವಾ ತಣಿದು, ಅಂಥ ಅನೇಕ ಪದರಗಳ ಸರಾಸರಿ ತೆಗೆದರೆ, ಕಾಂತತ್ವವು ಉತ್ತರಕ್ಕೆ ಮುಖಮಾಡಿ ಸುಮಾರು 27–28 ಡಿಗ್ರಿ ಕೆಳಕ್ಕೆ ವಾಲಿರಬೇಕು. ದಕ್ಷಿಣ ಅಕ್ಷಾಂಶ 30 ಡಿಗ್ರಿಯಲ್ಲಿ ತಣಿದ ಲಾವಾದಲ್ಲಿ ವಾಲುವಿಕೆ ಸುಮಾರು 49 ಡಿಗ್ರಿ, ಅದೂ ಮೇಲ್ಮುಖವಾಗಿ. ಕ್ಷೇತ್ರದ ಉತ್ತರ-ದಕ್ಷಿಣಗಳು ಅದಲುಬದಲಾದ ಕಾಲದಲ್ಲಾದರೆ ಕಾಂತತ್ವವು ದಕ್ಷಿಣಕ್ಕೆ ತಿರುಗಿ ಅಷ್ಟೇ ಕೋನದಲ್ಲಿ ಕೆಳಕ್ಕೆ ವಾಲಿರುತ್ತದೆ.

ದಖ್ಖನ್ ಶಿಲೆಗಳ ಅಧ್ಯಯನ

1953ರಲ್ಲಿ ಬ್ಲ್ಯಾಕೆಟ್ ಲಂಡನ್ನಿನ ಇಂಪೀರಿಯಲ್ ಕಾಲೇಜಿಗೆ ಬಂದರು. ಅವರ ತಂಡದ ಜಾನ್ ಕ್ಲೆಗ್, ಮೇರಿ ಆಲ್ಮಂಡ್ ಮತ್ತು ಪೀಟರ್ ಸ್ಟಬ್ಸ್ ಇಂಗ್ಲೆಂಡಿನ ಟ್ರಯಾಸಿಕ್ ಯುಗದ ಕೆಂಪು ಮರಳುಗಲ್ಲುಗಳನ್ನು ಅಳೆದು 1954ರಲ್ಲಿ ಫಲಿತಾಂಶ ಪ್ರಕಟಿಸಿದರು. ಕಾಂತತ್ವದ ದಿಕ್ಕು ಇಂದಿನ ಉತ್ತರದಿಂದ ಸುಮಾರು 34 ಡಿಗ್ರಿ ಸರಿದಿತ್ತು, ನತಿಯೂ ತೀರ ಕಡಿಮೆಯಿತ್ತು. ಬ್ರಿಟನ್ ಹಿಂದೆ ಸಮಭಾಜಕ ವೃತ್ತಕ್ಕೆ ಹತ್ತಿರವಿದ್ದು, ಅನಂತರ ಉತ್ತರಕ್ಕೆ ಸರಿಯುತ್ತ ತಿರುಗಿದೆಯೆಂಬುದು ಇದರ ಅರ್ಥವಾಗಿತ್ತು.

ಒಂದೇ ದೇಶದ ಶಿಲೆಗಳಿಂದ ಇಡೀ ಭೂಮಿಯ ಧ್ರುವ ಸರಿಯಿತೋ ಆ ಖಂಡ ಮಾತ್ರ ಸರಿಯಿತೋ ಎಂದು ಹೇಳಲಾಗದು. ಇದನ್ನು ನಿರ್ಧರಿಸಲು ದೂರದ ಖಂಡವೊಂದರ ಶಿಲೆಗಳು ಬೇಕಿದ್ದವು. ಜರ್ಮನಿಯ ಆಲ್‌ಫ್ರೆಡ್ ವೆಗೆನರ್ 1912ರಲ್ಲಿ ಮಂಡಿಸಿದ್ದ ಖಂಡಚಲನೆಯ ವಾದದಲ್ಲಿ ಅತಿ ದೂರ ಸಾಗಿ ಬಂದ ಭೂಭಾಗಗಳಲ್ಲಿ ಭಾರತವೂ ಒಂದು. ಹೀಗಾಗಿ ಆ ವಾದದ ಪರೀಕ್ಷೆಗೆ ಭಾರತವೇ ತಕ್ಕ ಸ್ಥಳವಾಗಿತ್ತು. ಕೇಂಬ್ರಿಜ್‌ನ ಎಡ್ವರ್ಡ್ ಅರ್ವಿಂಗ್ ಅವರೂ ದಖ್ಖನ್ ಶಿಲೆಯ ಕೆಲವು ಮಾದರಿಗಳನ್ನು ಅಳೆದು ಇದೇ ದಾರಿಯಲ್ಲಿ ಯೋಚಿಸಿದ್ದರು.

ಇಂಪೀರಿಯಲ್ ಕಾಲೇಜಿನ ಕ್ಲೆಗ್, ಡಾಯ್ಚ್ ಮತ್ತು ಗ್ರಿಫಿತ್ಸ್ ದಖ್ಖನ್ ಲಾವಾ ಪದರಗಳಿಂದ ದಿಕ್ಕು ಗುರುತಿಸಿ ತೆಗೆದ ಮಾದರಿಗಳ ಅಧ್ಯಯನವನ್ನು 1956ರಲ್ಲಿ ಪ್ರಕಟಿಸಿದರು. ಪದರಗಳ ಕಾಂತತ್ವದ ನತಿ ಇಂದಿನ ಸ್ಥಳಕ್ಕೆ ಹೊಂದುತ್ತಿರಲಿಲ್ಲ. ಲಾವಾ ಹರಿದಾಗ ಭಾರತವು ದಕ್ಷಿಣ ಗೋಲಾರ್ಧದಲ್ಲಿತ್ತು, ಅನಂತರ ಉತ್ತರಕ್ಕೆ ಸರಿಯುತ್ತ ಅಪ್ರದಕ್ಷಿಣವಾಗಿ ತಿರುಗಿತು ಎಂಬುದು ಅವರ ತೀರ್ಮಾನ. 1958ರಲ್ಲಿ ಕ್ಲೆಗ್ ಅವರು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ರಾಧಾಕೃಷ್ಣಮೂರ್ತಿ ಮತ್ತು ಸಹಸ್ರಬುದ್ಧೆ ಅವರೊಡನೆ ರಾಜಮಹಲ್ ಬೆಟ್ಟಗಳ ಇನ್ನೂ ಹಳೆಯ ಲಾವಾಗಳ ಫಲಿತಾಂಶವನ್ನೂ ಪ್ರಕಟಿಸಿದರು. ಭಾಭಾ ಸ್ಥಾಪಿಸಿದ್ದ ಆ ಸಂಸ್ಥೆಯಲ್ಲಿ ಶಿಲಾಕಾಂತತ್ವದ ಅಧ್ಯಯನ ಹೀಗೆ ನೆಲೆಯೂರಿತು. ಇಂದಿನ ಅಂದಾಜಿನಂತೆ ದಖ್ಖನ್ ಲಾವಾ ಹರಿದದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ. ಅಂದಿನಿಂದ ಭಾರತ ಐದು ಸಾವಿರ ಕಿಲೋಮೀಟರಿಗೂ ಹೆಚ್ಚು ಉತ್ತರಕ್ಕೆ ಸಾಗಿದೆ.

ಆಕ್ಷೇಪಗಳು ಮತ್ತು ಸ್ವೀಕಾರ

ಶಿಲೆಯ ಸ್ಮೃತಿಯನ್ನು ನಂಬಬಹುದೇ ಎಂಬ ಸಂದೇಹ ಅನೇಕರಿಗಿತ್ತು. ಜಪಾನಿನ ಹರುನಾ ಪರ್ವತದ ಶಿಲೆಯೊಂದು ತಣಿಯುವಾಗ ಹೊರಗಿನ ಕ್ಷೇತ್ರಕ್ಕೆ ವಿರುದ್ಧವಾದ ಕಾಂತತ್ವವನ್ನು ತಾನಾಗಿಯೇ ಪಡೆಯುತ್ತಿತ್ತು. ಹೀಗಾಗಿ ವಿರುದ್ಧ ದಿಕ್ಕಿನ ಶಿಲೆಗಳು ಭೂಕ್ಷೇತ್ರದ ಪಲ್ಲಟವನ್ನು ಸೂಚಿಸುತ್ತವೆಯೇ ಅಥವಾ ಖನಿಜದ ಗುಣವನ್ನೇ ಎಂಬ ಪ್ರಶ್ನೆ ಎದ್ದಿತು. ಬ್ಲ್ಯಾಕೆಟ್ ಅವಸರದ ತೀರ್ಮಾನಕ್ಕೆ ಇಳಿಯಲಿಲ್ಲ. 1956ರಲ್ಲಿ ಪ್ರಕಟವಾದ ಅವರ ಶಿಲಾಕಾಂತತ್ವದ ಉಪನ್ಯಾಸಗಳ ಪುಸ್ತಕದಲ್ಲಿ ಎರಡೂ ಸಾಧ್ಯತೆಗಳ ಚರ್ಚೆಯಿದೆ. 1960ರಲ್ಲಿ ಕ್ಲೆಗ್ ಮತ್ತು ಸ್ಟಬ್ಸ್ ಅವರೊಡನೆ ಬರೆದ ಪ್ರಬಂಧದಲ್ಲಿ ಖಂಡಗಳ ಅಂದಿನವರೆಗಿನ ಅಳತೆಗಳನ್ನೆಲ್ಲ ಒಟ್ಟುಗೂಡಿಸಿ, ಅಕ್ಷಾಂಶಗಳು ಕಾಲಕಾಲಕ್ಕೆ ಬದಲಾದ ಬಗೆಯನ್ನು ಪರಿಶೀಲಿಸಿದರು.

1963ರಲ್ಲಿ ಫ್ರೆಡ್ ವೈನ್ ಮತ್ತು ಡ್ರಮಂಡ್ ಮ್ಯಾಥ್ಯೂಸ್ ಸಾಗರತಳದ ಕಾಂತಪಟ್ಟಿಗಳನ್ನು ಭೂಕ್ಷೇತ್ರದ ಪಲ್ಲಟಗಳಿಂದ ವಿವರಿಸಿದ ಮೇಲೆ ಸಂದೇಹಗಳು ಕರಗತೊಡಗಿದವು. 1964ರಲ್ಲಿ ಬ್ಲ್ಯಾಕೆಟ್, ಎಡ್ವರ್ಡ್ ಬುಲ್ಲರ್ಡ್ ಮತ್ತು ರನ್‌ಕಾರ್ನ್ ರಾಯಲ್ ಸೊಸೈಟಿಯಲ್ಲಿ ಖಂಡಚಲನೆ ಕುರಿತ ವಿಚಾರಗೋಷ್ಠಿ ಏರ್ಪಡಿಸಿದರು. ಹೆರಾಲ್ಡ್ ಜೆಫ್ರೀಸ್ ಅವರಂಥ ಹಿರಿಯ ಭೂಭೌತವಿಜ್ಞಾನಿಗಳು ಕೊನೆಯವರೆಗೂ ಒಪ್ಪದಿದ್ದರೂ, ಆ ದಶಕದ ಅಂತ್ಯಕ್ಕೆ ಖಂಡಚಲನೆ ಭೂಫಲಕ ಸಿದ್ಧಾಂತದ ಭಾಗವಾಗಿ ಸ್ವೀಕೃತವಾಯಿತು.

ಕರ್ನಾಟಕದ ಶಿಲೆಗಳು

ದಖ್ಖನ್ ಲಾವಾ ಪದರಗಳ ದಕ್ಷಿಣದ ಅಂಚು ಕರ್ನಾಟಕದಲ್ಲಿದೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ, ಕಲಬುರಗಿ ಮತ್ತು ಬೀದರ್ ಜಿಲ್ಲೆಗಳಲ್ಲಿ ಈ ಕಪ್ಪುಶಿಲೆ ಕಾಣಸಿಗುತ್ತದೆ. ಮಲ್ಪೆಯ ಬಳಿಯ ಸೇಂಟ್ ಮೇರಿ ದ್ವೀಪಗಳ ಕಂಬಗಳಂಥ ಲಾವಾಶಿಲೆಗಳು ದಖ್ಖನ್ ಲಾವಾಕ್ಕಿಂತ ಹಳೆಯವು. ಸುಮಾರು 8.5–9 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲಕ್ಕೆ ಅವು ಸೇರುತ್ತವೆ. ಅವುಗಳ ಕಾಂತತ್ವವನ್ನೂ ವಿಜ್ಞಾನಿಗಳು ಅಳೆದಿದ್ದಾರೆ.

ಶಿರಸಿ, ಸಿದ್ದಾಪುರ ಮತ್ತು ಯಲ್ಲಾಪುರಗಳ ನೆಲ ಬೇರೆ ಬಗೆಯದು. ದಖ್ಖನ್ ಲಾವಾ ಇಲ್ಲಿಯವರೆಗೆ ಹರಡಿಲ್ಲ. ಇಲ್ಲಿನ ತಳಶಿಲೆಗಳು 250 ಕೋಟಿ ವರ್ಷಕ್ಕೂ ಹಳೆಯ ಧಾರವಾಡ ಶಿಲಾಸಮೂಹಕ್ಕೆ ಸೇರಿದವು. ಶಾಖ ಮತ್ತು ಒತ್ತಡದಿಂದ ರೂಪಾಂತರಗೊಂಡ ಇಂಥ ಶಿಲೆಗಳಲ್ಲಿ ಮೊದಲಿನ ಕಾಂತಸ್ಮೃತಿ ಬಹುಮಟ್ಟಿಗೆ ಅಳಿದು ಹೊಸದು ಸೇರಿರುತ್ತದೆ. ಅವುಗಳ ಮೇಲೆ ಹಲವೆಡೆ ಮನೆ ಕಟ್ಟಲು ಬಳಸುವ ಜಂಬಿಟ್ಟಿಗೆ ಕಲ್ಲಿನ ಹೊದಿಕೆಯಿದೆ. ಮಳೆ ಬಿಸಿಲುಗಳಿಗೆ ಶಿಲೆ ಕೊಳೆತು ಜಂಬಿಟ್ಟಿಗೆಯಾಗುವಾಗ ಅದರಲ್ಲಿ ಹೆಮಟೈಟ್ ಕಣಗಳು ಹೊಸದಾಗಿ ಬೆಳೆಯುತ್ತವೆ, ಬೆಳೆಯುವಾಗಲೇ ಆ ಕಾಲದ ಕಾಂತಕ್ಷೇತ್ರದ ದಿಕ್ಕನ್ನು ಹಿಡಿದುಕೊಳ್ಳುತ್ತವೆ. ಭಾರತದ ಚಲನೆಯ ದಾರಿ ತಿಳಿದಿರುವುದರಿಂದ, ಈ ದಿಕ್ಕನ್ನು ಅದರೊಂದಿಗೆ ಹೋಲಿಸಿ ಜಂಬಿಟ್ಟಿಗೆಯ ವಯಸ್ಸನ್ನು ಅಂದಾಜಿಸಬಹುದು. ಭಾರತದ ಕೆಲವು ಜಂಬಿಟ್ಟಿಗೆ ಸ್ತರಗಳ ವಯಸ್ಸನ್ನು 1980ರ ದಶಕದಲ್ಲಿ ಈ ವಿಧಾನದಿಂದ ಲೆಕ್ಕ ಹಾಕಲಾಗಿದೆ.

ಭಾರತದೊಂದಿಗಿನ ನಂಟು

ಬ್ಲ್ಯಾಕೆಟ್ 1947ರ ಜನವರಿಯಲ್ಲಿ ಭಾರತೀಯ ವಿಜ್ಞಾನ ಕಾಂಗ್ರೆಸ್ ಅಧಿವೇಶನಕ್ಕಾಗಿ ದೆಹಲಿಗೆ ಬಂದಾಗ ನೆಹರೂ ಅವರ ಪರಿಚಯವಾಯಿತು. ನೆಹರೂ ಅವರ ಕೋರಿಕೆಯಂತೆ 1948ರಲ್ಲಿ ರಕ್ಷಣಾ ವಿಜ್ಞಾನವನ್ನು ಕುರಿತು ವರದಿಯೊಂದನ್ನು ಸಿದ್ಧಪಡಿಸಿದರು. ಬಡ ದೇಶವು ದುಬಾರಿ ಆಯುಧಗಳ ಹಿಂದೆ ಹೋಗಬಾರದು, ಪರಮಾಣು ಅಸ್ತ್ರಗಳಿಂದ ದೂರವಿರಬೇಕು, ಸ್ವಂತ ಕೈಗಾರಿಕಾ ಸಾಮರ್ಥ್ಯಕ್ಕೆ ಹೊಂದುವ ಸರಳ ಸಾಧನಗಳನ್ನು ಬೆಳೆಸಬೇಕು ಎಂಬುದು ಅವರ ನಿಲುವಾಗಿತ್ತು. ಅನಂತರವೂ ಅವರು ಹಲವು ಬಾರಿ ಭಾರತಕ್ಕೆ ಬಂದು ಸಂಶೋಧನಾ ಸಂಸ್ಥೆಗಳಿಗೆ ಸಲಹೆ ನೀಡಿದರು.

ಪ್ರಶಸ್ತಿ, ಗೌರವ ಮತ್ತು ನಿಧನ

ನೊಬೆಲ್ ಪ್ರಶಸ್ತಿಯಲ್ಲದೆ ಅವರಿಗೆ 1940ರಲ್ಲಿ ರಾಯಲ್ ಪದಕ, 1956ರಲ್ಲಿ ಕೋಪ್ಲಿ ಪದಕ ಮತ್ತು 1967ರಲ್ಲಿ ಆರ್ಡರ್ ಆಫ್ ಮೆರಿಟ್ ಗೌರವ ದೊರೆತವು. 1965ರಿಂದ 1970ರವರೆಗೆ ರಾಯಲ್ ಸೊಸೈಟಿಯ ಅಧ್ಯಕ್ಷರಾಗಿದ್ದರು. 1969ರಲ್ಲಿ ಅವರಿಗೆ ಲಾರ್ಡ್ ಪದವಿ ನೀಡಲಾಯಿತು.

1924ರಲ್ಲಿ ಅವರು ಕಾನ್‌ಸ್ಟಾಂಜಾ ಬಾಯನ್ ಅವರನ್ನು ವಿವಾಹವಾಗಿದ್ದರು. ದಂಪತಿಗೆ ಒಬ್ಬ ಮಗಳು ಮತ್ತು ಒಬ್ಬ ಮಗ. 1974ರ ಜುಲೈ 13ರಂದು ಲಂಡನ್ನಿನಲ್ಲಿ ಬ್ಲ್ಯಾಕೆಟ್ ನಿಧನರಾದರು. ಇಂಪೀರಿಯಲ್ ಕಾಲೇಜಿನ ಭೌತವಿಜ್ಞಾನ ವಿಭಾಗದ ಕಟ್ಟಡಕ್ಕೂ ಚಂದ್ರನ ಮೇಲಿನ ಒಂದು ಕುಳಿಗೂ ಅವರ ಹೆಸರನ್ನಿಡಲಾಗಿದೆ.